ರಾಜಾಜಿನಗರದಲ್ಲಿ ಹಳೆಯ ಸೈಕಲ್ಲುಗಳ ದರ್ಬಾರು

ಸೈಕಲ್ ಷೋ ಎಂದೊಡನೆ ನಮ್ಮ ನಾಡಿನ ಹಲವರಿಗೆ ನೆನಪಾಗತಕ್ಕದ್ದು ಬೇರೆಯೇ ಒಂದು ನೋಟ. ಊರ ಮೈದಾನದ ನಡುವೆ ಒಂದು ಕಂಬ. ಕಂಬದ ತುದಿಗೆ ಧ್ವನಿವರ್ಧಕ. ಅದರ ಸುತ್ತ ಹಗಲೂ ಇರುಳೂ ನೆಲಕ್ಕೆ ಕಾಲೂರದೆ ಸೈಕಲ್ ತುಳಿಯುವ ಒಬ್ಬ ಬಡಕಲು ಯುವಕ. ಅವನ ಸ್ನಾನವೂ ಸೈಕಲ್ಲಿನ ಮೇಲೆ, ಊಟವೂ ಸೈಕಲ್ಲಿನ ಮೇಲೆ. ಕೊನೆಯ ದಿನ ಊರಿನ ಹಿರಿಯರು ಅವನ ಅಂಗಿಗೆ ನೋಟುಗಳನ್ನು ಪಿನ್ನಿನಿಂದ ಚುಚ್ಚಿ ಕಳುಹಿಸಿಕೊಡುತ್ತಿದ್ದರು. ಆ ಸಾಹಸವನ್ನು ಬೆರಗಿನಿಂದ ನೋಡಿದ ಮಕ್ಕಳು ಇಂದು ಮೊಮ್ಮಕ್ಕಳನ್ನು ಕಂಡವರಾಗಿದ್ದಾರೆ. ಆದರೆ ನಾನು ಹೇಳಹೊರಟಿರುವ ಪ್ರದರ್ಶನ ಅದಲ್ಲ. ಇಲ್ಲಿ ಸವಾರನಿಗೆ ಕೆಲಸವಿಲ್ಲ. ಸೈಕಲ್ಲುಗಳು ಸ್ಟ್ಯಾಂಡು ಹಾಕಿಸಿಕೊಂಡು ಗಂಭೀರವಾಗಿ ನಿಂತಿರುತ್ತವೆ; ಸುತ್ತು ಹಾಕುವವರು ನೋಡಬಂದ ಜನ.

ಈಚೆಗೆ ಒಂದು ಭಾನುವಾರ ಬೆಳಿಗ್ಗೆ ರಾಜಾಜಿನಗರದ ಶಾಲೆಯೊಂದರ ಅಂಗಳದಲ್ಲಿ ಅಂಥ ಒಂದು ಕೂಟ ನಡೆಯಿತು. ಹಳೆಯ ಸೈಕಲ್ಲುಗಳ ಹುಚ್ಚು ಹಿಡಿದ ಕೆಲವು ಗೆಳೆಯರು ತಮ್ಮತಮ್ಮ ಬಂಡಿಗಳನ್ನು ತಂದು ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದ್ದರು. ಉದ್ಘಾಟನೆ ಇಲ್ಲ, ಹಾರ ತುರಾಯಿ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಇಂಥ ಸಮಾರಂಭವೂ ಉಂಟೆಂದರೆ ವಾಚಕರು ನಂಬಲಾರರು. ವಿಜಯನಗರದಿಂದ, ಬಸವೇಶ್ವರನಗರದಿಂದ ಸಂಸಾರ ಸಮೇತರಾಗಿ ಬಂದವರಿದ್ದರು. ಕೆಂಗೇರಿಯಿಂದ ಸೈಕಲ್ ತುಳಿದುಕೊಂಡೇ ಬಂದ ಮೇಸ್ತ್ರಿಯೊಬ್ಬರಿದ್ದರು. ಮಾಗಡಿ ರಸ್ತೆಯ ಕಡೆಯಿಂದ ಮೊಮ್ಮಗಳ ಜತೆಯಲ್ಲಿ, ಸೈಕಲ್ಲನ್ನು ತಳ್ಳಿಕೊಂಡು ಬಂದ ಒಬ್ಬ ಯಜಮಾನರೂ ಇದ್ದರು. ಅವರ ವಿಚಾರವನ್ನು ಮುಂದೆ ಹೇಳುತ್ತೇನೆ.

ಈ ಕೂಟಕ್ಕೆ ನಗರದ ಪಶ್ಚಿಮ ಭಾಗವೇ ತಕ್ಕ ಜಾಗವೆಂದು ನನಗೆ ತೋರುತ್ತದೆ. ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಸೈಕಲ್ಲುಗಳಿದ್ದವು. ಮೇಷ್ಟರುಗಳೂ ಗುಮಾಸ್ತರೂ ಪಂಚೆಯ ಅಂಚನ್ನು ಕ್ಲಿಪ್ಪಿನಿಂದ ಬಿಗಿದುಕೊಂಡು ಅವುಗಳ ಮೇಲೆ ಘನತೆಯಿಂದ ಸಾಗುತ್ತಿದ್ದರು. ಆದರೆ ಸೈಕಲ್ಲನ್ನು ಹೊಟ್ಟೆಪಾಡಿನ ಉಪಕರಣವನ್ನಾಗಿ ಮಾಡಿಕೊಂಡದ್ದು ಈ ಕಡೆಯ ಜನ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕೆಯ ಬಡಾವಣೆಯಾಗಿ ತಲೆಯೆತ್ತಿದ ಊರು ರಾಜಾಜಿನಗರ. ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತುಕೊಂಡಿತು. ಸುತ್ತಮುತ್ತ ನೋಡಿದರೆ ಎಲ್ಲ ಕಡೆಯೂ ಕಾರ್ಖಾನೆಗಳೇ. 1884ರಷ್ಟು ಹಿಂದೆಯೇ ಹುಟ್ಟಿದ ಬಿನ್ನಿ ಮಿಲ್ಲು, ಮಾಗಡಿ ರಸ್ತೆಯ ಬಳಿಯ ಮಿನರ್ವ ಮಿಲ್ಲು (1980ರ ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ ಈ ಹೆಸರು ಕಾನೂನು ವಿದ್ಯಾರ್ಥಿಗಳೆಲ್ಲರ ಬಾಯಲ್ಲಿ ನಿಂತಿದೆ, ಅದು ನಮ್ಮ ಮಗ್ಗಲಿನ ಮಿಲ್ಲೆಂಬುದು ಎಷ್ಟು ಮಂದಿಗೆ ಗೊತ್ತು!), 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಸ್ವಲ್ಪ ದೂರ ಹೋದರೆ ಜಾಲಹಳ್ಳಿಯಲ್ಲಿ 1953ರ ಎಚ್.ಎಂ.ಟಿ., 1954ರ ಭಾರತ್ ಎಲೆಕ್ಟ್ರಾನಿಕ್ಸ್. ಪಾಳಿ ಬಿಡುವ ಹೊತ್ತಿಗೆ ಸೈರನ್ ಕೂಗಿತೆಂದರೆ ಗೇಟಿನಿಂದ ಹೊರಬೀಳುತ್ತಿದ್ದ ಸೈಕಲ್ಲುಗಳ ಹೊಳೆಯನ್ನು ಕಂಡವರು ಇಂದಿಗೂ ಅದನ್ನು ವರ್ಣಿಸುತ್ತಾರೆ. ಹ್ಯಾಂಡಲ್ಲಿಗೆ ತೂಗುಹಾಕಿದ ಊಟದ ಡಬ್ಬಿಗಳ ಗಲಗಲ ಶಬ್ದವೇ ದೂರದಿಂದ ಮೊದಲು ಕೇಳಿಸುತ್ತಿತ್ತಂತೆ.

ಈಗ ಆ ಸೈರನ್ನುಗಳಿಲ್ಲ. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ನೆಲದ ಮೇಲೆ ಒರಾಯನ್ ಮಾಲ್ ನಿಂತಿದೆ. ಬಿನ್ನಿ ಮಿಲ್ಲಿನ ನೆಲದಲ್ಲಿ ಬಹುಮಹಡಿ ಮನೆಗಳೆದ್ದಿವೆ. ಆ ಮಿಲ್ಲುಗಳಿಗೆ ಜನರನ್ನು ಹೊತ್ತೊಯ್ದ ಸೈಕಲ್ಲುಗಳು ಮಾತ್ರ ಅಲ್ಲೊಂದು ಇಲ್ಲೊಂದು ಮೆಟ್ಟಿಲಿನ ಕೆಳಗೆ, ತಾರಸಿಯ ಮೂಲೆಯಲ್ಲಿ ಉಳಿದುಕೊಂಡಿವೆ. ಅಂಥವನ್ನು ಹುಡುಕಿ ಹೊರತಂದವರೇ ಆ ಭಾನುವಾರ ಶಾಲೆಯ ಅಂಗಳದಲ್ಲಿ ಸೇರಿದ್ದವರು.

ಚಕ್ರದಲ್ಲಿ ಬರೆದ ವಂಶಾವಳಿ

ಸೈಕಲ್ಲಿನ ಪೂರ್ವಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬುವನು ಎರಡು ಚಕ್ರಗಳ ಮೇಲೆ ಮರದ ದಿಮ್ಮಿ ಕೂರಿಸಿ, ಕಾಲಿನಿಂದ ನೆಲವನ್ನು ಒದ್ದುಕೊಂಡು ಓಡಿದ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ಲು ಬಂತು. ವೇಗ ಬೇಕೆಂಬ ಆಸೆಗೆ ಆ ಚಕ್ರ ಬೆಳೆದು ಬೆಳೆದು ಆಳೆತ್ತರವಾಯಿತು. ಆ ಎತ್ತರದ ಬಂಡಿಯನ್ನೇರಿ ಜಗತ್ತನ್ನು ಸುತ್ತಹೊರಟ ಥಾಮಸ್ ಸ್ಟೀವನ್ಸ್ 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರಾಂಡ್ ಟ್ರಂಕ್ ರಸ್ತೆಯ ಮೇಲೆ ಹಾದುಹೋದ. ಅಷ್ಟರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ, 1885ರಲ್ಲಿ, ಹೆಚ್ಚುಕಡಿಮೆ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು ಎಂಬ ಏರ್ಪಾಟಿನ ರೋವರ್ ಸೈಕಲ್ಲನ್ನು ಹೊರತಂದಿದ್ದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಬಂಡಿಗಾಗಿ ಗಾಳಿ ತುಂಬಿದ ಟಯರನ್ನು ಮಾಡಿಕೊಟ್ಟ. ಅಲ್ಲಿಗೆ ಸೈಕಲ್ಲು ಪೂರ್ಣವಾಯಿತು. ಆಮೇಲೆ ಏನೇನೋ ಬದಲಾವಣೆಗಳಾಗಿರಬಹುದು. ಆದರೆ ಇಂದು ನಿಮ್ಮ ಹಾಲಿನವನು ತುಳಿಯುವ ಸೈಕಲ್ಲನ್ನು ಸ್ಟಾರ್ಲಿಗೆ ತೋರಿಸಿದರೆ ಅವನು ಗುರುತು ಹಿಡಿಯದೆ ಇರಲಾರ. ಯಂತ್ರಗಳ ಲೋಕದಲ್ಲಿ ಇಷ್ಟು ಕಾಲ ಮುಖಚಹರೆ ಉಳಿಸಿಕೊಂಡ ಮತ್ತೊಂದನ್ನು ನಾನರಿಯೆ.

ದೂರದಿಂದ ನೋಡಿದರೆ ಅಂಗಳದಲ್ಲಿ ನಿಂತಿದ್ದ ಸೈಕಲ್ಲುಗಳೆಲ್ಲ ಒಂದೇ ತಾಯಿಯ ಮಕ್ಕಳು. ಎಲ್ಲವೂ ಕಪ್ಪು, ಎಲ್ಲಕ್ಕೂ 28 ಅಂಗುಲದ ಚಕ್ರ, ಎಲ್ಲಕ್ಕೂ ತಂತಿಯ ಬದಲು ಸರಳಿನಿಂದ ಎಳೆಯುವ ಬ್ರೇಕು. ಹಾಗಾದರೆ ತಿಳಿದವರು ಹತ್ತು ಮಾರು ದೂರದಿಂದಲೇ ‘ಅದು ರಾಲಿ, ಇದು ಹಂಬರ್’ ಎನ್ನುವುದು ಹೇಗೆ? ಗುಟ್ಟು ಇರುವುದು ಪೆಡಲ್ಲಿನ ಬಳಿಯ ಹಲ್ಲುಚಕ್ರದಲ್ಲಿ. ಹಲ್ಲುಚಕ್ರದ ನಡುವಣ ಕಬ್ಬಿಣವನ್ನು ಕೊರೆದು ಪ್ರತಿಯೊಂದು ಕಂಪೆನಿಯೂ ತನ್ನ ಲಾಂಛನವನ್ನು ಮೂಡಿಸುತ್ತಿತ್ತು. ರಾಲಿಯ ಚಕ್ರದಲ್ಲಿ ಬಕಪಕ್ಷಿಯ ತಲೆಗಳು. ಹಂಬರಿನಲ್ಲಿ ಕೈಕೈ ಹಿಡಿದು ವೃತ್ತಾಕಾರವಾಗಿ ಓಡುವಂತೆ ಕಾಣುವ ಐವರು ಮನುಷ್ಯರು. ರಡ್ಜ್ ಎಂಬ ಸೈಕಲ್ಲಿನಲ್ಲಿ ಅಭಯಹಸ್ತದಂತೆ ಚಾಚಿದ ಒಂದು ಅಂಗೈ. ಬಿ.ಎಸ್.ಎ. ಕಂಪೆನಿ ಮಾತ್ರ ಒಗಟಿನ ಗೋಜಿಗೆ ಹೋಗದೆ ತನ್ನ ಮೂರು ಅಕ್ಷರಗಳನ್ನೇ ಕೊರೆದಿತ್ತು. ಆ ಅಕ್ಷರಗಳ ಅರ್ಥ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಅಂದರೆ 1861ರಲ್ಲಿ ಬಂದೂಕು ಮಾಡಲೆಂದು ಹುಟ್ಟಿದ ಕಂಪೆನಿ. ಅದರ ಮುದ್ರೆಯಲ್ಲಿ ಇಂದಿಗೂ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳನ್ನು ಕಾಣಬಹುದು. ಕೊಲ್ಲುವ ಸಾಮಾನು ಮಾಡುತ್ತಿದ್ದವರು ಕೊನೆಗೆ ಪೋಸ್ಟ್‌ಮ್ಯಾನನಿಗೆ ವಾಹನ ಮಾಡಿಕೊಟ್ಟರು.

ರಾಲಿಯ ಹುಟ್ಟಿನ ಬಗ್ಗೆ ಆ ಕಂಪೆನಿಯ ಚರಿತ್ರೆಯಲ್ಲಿ ಒಂದು ಕಥೆಯುಂಟು. ಫ್ರಾಂಕ್ ಬೌಡನ್ ಎಂಬ ಸಿರಿವಂತನಿಗೆ ಆರೋಗ್ಯ ಕೆಟ್ಟು, ಸೈಕಲ್ ತುಳಿಯಿರೆಂದು ವೈದ್ಯರು ಹೇಳಿದರಂತೆ. ತುಳಿದ, ಗುಣವಾಯಿತು. ಸಂತೋಷಗೊಂಡ ಮಹಾಶಯ ಸೈಕಲ್ ಮಾಡಿದ ಅಂಗಡಿಯನ್ನೇ ಕೊಂಡುಬಿಟ್ಟ. ಅಂಗಡಿ ನಾಟಿಂಗ್‌ಹ್ಯಾಮಿನ ರಾಲಿ ಬೀದಿಯಲ್ಲಿತ್ತು. ಬೀದಿಯ ಹೆಸರೇ ಸೈಕಲ್ಲಿಗಾಯಿತು. ಮುಂದೆ ಅದೇ ರಾಲಿ 1932ರಲ್ಲಿ ಹಂಬರ್ ಸೈಕಲ್ಲನ್ನೂ, 1943ರಲ್ಲಿ ರಡ್ಜನ್ನೂ, 1957ರಲ್ಲಿ ಬಿ.ಎಸ್.ಎ. ಸೈಕಲ್ ವಿಭಾಗವನ್ನೂ ಒಂದೊಂದಾಗಿ ನುಂಗಿತು. ಅಂದ ಮೇಲೆ ಬಕಪಕ್ಷಿಯ ಲಾಂಛನ ತಕ್ಕದ್ದೇ.

ಸಾಲಿನಲ್ಲಿ ನನ್ನ ಕಣ್ಣಿಗೆ ಅತ್ಯಂತ ಚೆಲುವಾಗಿ ಕಂಡದ್ದು ಒಂದು ಹಂಬರ್. ಅದರ ಮುಂದಿನ ಫೋರ್ಕಿನಲ್ಲಿ ಒಂದೊಂದು ಕಡೆಗೂ ದಪ್ಪನೆಯ ಒಂದು ಕೊಳವೆಯ ಬದಲು ತೆಳ್ಳನೆಯ ಎರಡೆರಡು ಕೊಳವೆಗಳು. ಬಣ್ಣ ಅಲ್ಲಲ್ಲಿ ಸುಲಿದುಹೋಗಿದೆ. ಆದರೆ ಕಪ್ಪಿನ ಮೇಲೆ ಕೂದಲೆಳೆಯಷ್ಟು ಸಣ್ಣದಾಗಿ ಎಳೆದ ಚಿನ್ನದ ಬಣ್ಣದ ಗೆರೆಗಳು ಮಡ್‌ಗಾರ್ಡಿನ ಮೇಲೆ ಇನ್ನೂ ಸ್ಪಷ್ಟ. ಸೀಟು ಬರ್ಮಿಂಗ್‌ಹ್ಯಾಮಿನ ಬ್ರೂಕ್ಸ್ ಕಂಪೆನಿಯ ಚರ್ಮದ್ದು. ಇಂಥ ಚರ್ಮದ ಸೀಟು ಕುಳಿತವನ ಮೈಗೆ ತಕ್ಕಂತೆ ವರ್ಷಗಳ ಮೇಲೆ ತಗ್ಗುಬೀಳುತ್ತದೆ. ಒಬ್ಬ ಗೃಹಿಣಿ ಅದನ್ನು ಮುಟ್ಟಿ ನೋಡಿ, ‘ನಮ್ಮ ಮಾವನವರು ಇಂಥ ಸೀಟಿಗೆ ಹರಳೆಣ್ಣೆ ಹಚ್ಚಿ ಬಿಸಿಲಿಗಿಡುತ್ತಿದ್ದರು’ ಎಂದರು. ಪಕ್ಕದಲ್ಲಿದ್ದ ಅವರ ಪತಿ, ‘ಅವರ ಮಗನಿಗೆ ಅಷ್ಟು ಉಪಚಾರ ನಡೆಯಲಿಲ್ಲ’ ಎಂದುಬಿಟ್ಟರು.

ಮಕ್ಕಳ ಗುಂಪು ನೆರೆದಿದ್ದುದು ಮೂರು ಗೇರಿನ ಒಂದು ರಾಲಿಯ ಸುತ್ತ. ಇಂದಿನ ಸೈಕಲ್ಲುಗಳಂತೆ ಹಿಂದಿನ ಚಕ್ರದಲ್ಲಿ ಹಲ್ಲುಗಳ ಅಟ್ಟಣೆ ಅದಕ್ಕಿಲ್ಲ. ಚಕ್ರದ ನಡುವಣ ಗುಂಬದೊಳಗೆ ಗಡಿಯಾರದ ಹಾಗೆ ಪುಟ್ಟ ಪುಟ್ಟ ಹಲ್ಲುಚಕ್ರಗಳು ಅಡಗಿ ಕುಳಿತಿವೆ. 1902ರಿಂದ ಬಂದ ಸ್ಟರ್ಮಿ ಆರ್ಚರ್ ಎಂಬ ಏರ್ಪಾಟಿದು. ಹ್ಯಾಂಡಲ್ಲಿನ ಮೇಲಿನ ಸಣ್ಣ ಹಿಡಿಯನ್ನು ಸರಿಸಿದರೆ ಒಳಗೆ ಕೀಲು ಬದಲಾಗುತ್ತದೆ: ದಿಣ್ಣೆ ಹತ್ತುವಾಗ ಚಕ್ರದ ವೇಗ ಕಾಲುಭಾಗ ತಗ್ಗಿ ತುಳಿತ ಹಗುರ, ಇಳಿಜಾರಿನಲ್ಲಿ ಮೂರರಲ್ಲೊಂದು ಭಾಗ ಹೆಚ್ಚು ವೇಗ. ಚಕ್ರವನ್ನೆತ್ತಿ ತಿರುಗಿಸಿದಾಗ ಒಳಗಿನಿಂದ ಮೆಲ್ಲನೆ ಟಿಕ್ ಟಿಕ್ ಎಂಬ ಸದ್ದು. ಆ ಗುಂಬದ ಮೇಲೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಒತ್ತಿರುತ್ತಾರೆಂದು ಮಾಲೀಕರು ಹೇಳಿದರು. ಹುಡುಗನೊಬ್ಬ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು, ಜಿಡ್ಡನ್ನು ಒರೆಸಿ, ‘ಐವತ್ತೆರಡು!’ ಎಂದು ಕೂಗಿದಾಗ, ಅಜ್ಜಿಯೊಬ್ಬರು ‘ನನಗಿಂತ ಎರಡು ವರ್ಷ ಚಿಕ್ಕದು’ ಎಂದು ನಕ್ಕರು.

ಎಲ್ಲರೂ ಕೇಳುತ್ತಿದ್ದ, ಆದರೆ ಅಲ್ಲಿ ಇಲ್ಲದೆ ಇದ್ದ ಸೈಕಲ್ಲೆಂದರೆ ಮಡಿಸುವ ಬಿ.ಎಸ್.ಎ. ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಧುಮುಕುವ ಸಿಪಾಯಿಗಳಿಗಾಗಿ ಮಾಡಿದ್ದು. ನಡುವಿನ ತಿರುಪುಗಳನ್ನು ಸಡಿಲಿಸಿದರೆ ಪುಸ್ತಕದಂತೆ ಎರಡಾಗಿ ಮಡಿಚಿಕೊಳ್ಳುತ್ತದೆ. ಯಾರ ಮನೆಯಲ್ಲಾದರೂ ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಂದು ಕ್ಷಣ ಯೋಚಿಸಲಿ ಎಂಬುದು ಆ ಗೆಳೆಯರ ಪ್ರಾರ್ಥನೆ.

ವಿಲಾಯಿತಿಯೋ ಸ್ವದೇಶಿಯೋ

ಸಂಗ್ರಾಹಕರಲ್ಲಿಯೂ ಜಾತಿಭೇದವುಂಟೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಕೊರೆದಿದ್ದರೆ ಒಂದು ಮರ್ಯಾದೆ, ಇಲ್ಲವಾದರೆ ಇನ್ನೊಂದು. ನನಗೆ ಈ ತಾರತಮ್ಯ ಸರಿಕಾಣಲಿಲ್ಲ. ನಮ್ಮ ದೇಶದಲ್ಲಿ ಸೈಕಲ್ ತಯಾರಿಕೆ ಬೇರೂರಿದ ಕಥೆಯೇನು ಸಣ್ಣದೆ? 1939ರಲ್ಲಿ ಮುಂಬಯಿಯ ಹಿಂದ್ ಸೈಕಲ್ಸ್. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಅದು ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಹೆಸರುಗಳನ್ನು ಮನೆಮಾತಾಗಿಸಿತು, ಬಂಗಾಳದ ಆಸನ್‌ಸೋಲಿನಲ್ಲಿ ಸೆನ್ ರಾಲಿ, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಪಶ್ಚಿಮ ಪಂಜಾಬನ್ನು ಬಿಟ್ಟು ಬಂದ ಮುಂಜಾಲ್ ಸೋದರರು ಮೊದಲು ಸೈಕಲ್ಲಿನ ಬಿಡಿಭಾಗಗಳ ವ್ಯಾಪಾರದಿಂದ ಹೊಟ್ಟೆಹೊರೆದು ಕಟ್ಟಿದ ಆ ಹೀರೋ, 1986ರಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕನೆಂದು ಗಿನ್ನೆಸ್ ಪುಸ್ತಕವನ್ನು ಸೇರಿತು. ಸೆನ್ ರಾಲಿ ಮುಂದೆ ಸರ್ಕಾರದ ಪಾಲಾಗಿ ಕೊನೆಗೆ ಮುಚ್ಚಿಹೋಯಿತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವಸಂಸ್ಥೆಯೇ ಗೊತ್ತುಮಾಡಿದ ವಿಶ್ವ ಸೈಕಲ್ ದಿನಾಚರಣೆ! ಕೆಲಸ ಕಳೆದುಕೊಂಡವರಿಗೆ ಅದು ಎಂಥ ಆಚರಣೆಯಾಗಿ ಕಂಡಿತೋ.

ನಮ್ಮ ಮೈಸೂರಿನಲ್ಲಿಯೂ ಸೈಕಲ್ಲಿನ ಹೆಸರು ಒಂದು ವಿಚಿತ್ರ ರೀತಿಯಲ್ಲಿ ಚಿರವಾಯಿತು. 1948ರಲ್ಲಿ ಎನ್. ರಂಗರಾಯರು ಆರಂಭಿಸಿದ ಊದುಬತ್ತಿಯ ಉದ್ಯಮದಿಂದ ಹೊರಟ ‘ಸೈಕಲ್’ ಗುರುತಿನ ಅಗರಬತ್ತಿ ದೇವರ ಮನೆಯವರೆಗೂ ಸವಾರಿ ಮಾಡಿತು. ಓದು ಬಾರದವರೂ ಗುರುತಿಸಬಲ್ಲ ಚಿತ್ರ ಅದು.

ಬಣ್ಣದ ಜಗಳ

ಈಗ ಆ ಯಜಮಾನರ ವಿಚಾರ. ಅವರು ಮಿಲ್ಲೊಂದರಲ್ಲಿ ದುಡಿದು ನಿವೃತ್ತರಾದವರು. ಸೈಕಲ್ಲು ಸೆನ್ ರಾಲಿ. ಅವರ ತಂದೆ ಕಂತಿನ ಮೇಲೆ ಕೊಂಡದ್ದಂತೆ. ಅದರ ಬಣ್ಣ ಮುಪ್ಪಿನ ಚರ್ಮದಂತೆ ಸುಕ್ಕಾಗಿತ್ತು. ಮೇಲಿನ ಬಾರಿನ ನಡುವೆ ಒಂದು ಗೇಣಿನಷ್ಟು ಉದ್ದಕ್ಕೆ ಬಣ್ಣವೇ ಇಲ್ಲ, ಕಬ್ಬಿಣ ಬರಿಮೈಯಲ್ಲಿ ಹೊಳೆಯುತ್ತಿತ್ತು. ಅದನ್ನು ಕಂಡು ಬಸವೇಶ್ವರನಗರದಿಂದ ಬಂದಿದ್ದ ಒಬ್ಬ ತರುಣ ಸಂಗ್ರಾಹಕ, ‘ತಾತ, ಇದನ್ನು ನನಗೆ ಕೊಡಿ. ಮರಳು ಹೊಡೆಸಿ ತುಕ್ಕು ತೆಗೆಸಿ, ಹೊಸ ಬಣ್ಣ ಹಾಕಿಸಿ, ಕ್ರೋಮಿಯಂ ಮಾಡಿಸಿ ಇಡುತ್ತೇನೆ. ಷೋರೂಮಿನಿಂದ ಈಗ ತಾನೇ ಬಂದ ಹಾಗೆ ಕಾಣುತ್ತದೆ’ ಎಂದ. ಅವನು ಹೇಳಿದ ಬೆಲೆಯೂ ಕಡಿಮೆಯದಾಗಿರಲಿಲ್ಲ. ಮೊಮ್ಮಗಳ ಮುಖ ಅರಳಿತು. ಅವಳ ಕಾಲೇಜಿನ ಫೀಜು ಕಟ್ಟುವ ಕಾಲ ಹತ್ತಿರ ಬಂದಿತ್ತೆಂದು ಆಮೇಲೆ ತಿಳಿಯಿತು.

ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ಆ ಬೋಳು ಜಾಗದ ಮೇಲೆ ಕೈಯಿಟ್ಟು, ‘ಇಲ್ಲಿ ಒಂದು ಪುಟ್ಟ ಸೀಟು ಇತ್ತಪ್ಪ. ಇವಳ ತಾಯನ್ನು ಕೂರಿಸಿಕೊಂಡು ದಿನಾ ಸ್ಕೂಲಿಗೆ ಬಿಟ್ಟು ಮಿಲ್ಲಿಗೆ ಹೋಗುತ್ತಿದ್ದೆ. ಆ ಸೀಟು ಉಜ್ಜಿ ಉಜ್ಜಿ ಬಣ್ಣ ಹೋಯಿತು. ಹೊಸ ಬಣ್ಣ ಹಾಕಿದರೆ ಅದು ಯಾರ ಸೈಕಲ್ಲಾದರೂ ಆಗಬಹುದು’ ಎಂದರು.

ತರುಣ ಸುಮ್ಮನಾಗಲಿಲ್ಲ. ‘ಹೀಗೇ ಬಿಟ್ಟರೆ ತುಕ್ಕು ತಿಂದುಬಿಡುತ್ತದೆ, ತಾತ. ಆಮೇಲೆ ನೆನಪೂ ಇಲ್ಲ, ಸೈಕಲ್ಲೂ ಇಲ್ಲ.’ ಅವನ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಹಳೆಯ ವಸ್ತುಗಳನ್ನು ಕಾಪಾಡುವವರ ನಡುವೆ ಎಲ್ಲ ದೇಶಗಳಲ್ಲಿಯೂ ನಡೆದು ಬಂದಿರುವ ವ್ಯಾಜ್ಯ ಇದು: ಹೊಸದರಂತೆ ಮಾಡಿಡಬೇಕೆ, ಸವೆದದ್ದನ್ನು ಸವೆದಂತೆಯೇ ಉಳಿಸಬೇಕೆ? ಹೊಸ ಬಣ್ಣ ಯಾವಾಗ ಬೇಕಾದರೂ ಹಾಕಬಹುದು. ಕಾರ್ಖಾನೆಯಲ್ಲಿ ಕೈಯಿಂದ ಎಳೆದ ಆ ಚಿನ್ನದ ಗೆರೆಯನ್ನೂ, ಅಂಟಿಸಿದ ಮುದ್ರೆಯನ್ನೂ ಒಮ್ಮೆ ಮರಳು ಹೊಡೆಸಿ ತೆಗೆದರೆ ಮತ್ತೆ ತರಲಾಗದು. ನನ್ನ ಓಟು ಯಜಮಾನರ ಕಡೆಗೆ. ಆದರೆ ಫೀಜು ಕಟ್ಟಬೇಕಾದವನು ನಾನಲ್ಲವಲ್ಲ!

ಕೊನೆಗೆ ವ್ಯಾಜ್ಯವನ್ನು ತೀರ್ಮಾನಿಸಿದವಳು ಮೊಮ್ಮಗಳೇ. ‘ಕೊಡೋದು ಬೇಡ ಬಿಡು ತಾತ. ನಾನು ಸಾಲಕ್ಕೆ ಅರ್ಜಿ ಹಾಕಿದ್ದೀನಲ್ಲ’ ಎಂದು ಸೈಕಲ್ಲಿನ ಹ್ಯಾಂಡಲ್ಲನ್ನು ತಾನೇ ಹಿಡಿದುಕೊಂಡಳು. ತರುಣ ತನ್ನ ಫೋನ್ ನಂಬರನ್ನು ಬರೆದುಕೊಟ್ಟ. ಯಜಮಾನರು ಅದನ್ನು ಬೇಡವೆನ್ನದೆ ಜೇಬಿಗೆ ಹಾಕಿಕೊಂಡುದನ್ನು ನಾನು ನೋಡಿದೆ.

ಎಪ್ಪತ್ತೆರಡು ತಂತಿಗಳ ವೀಣೆ

ಕೆಂಗೇರಿಯ ಮೇಸ್ತ್ರಿ ಈ ಮಾತುಕತೆಯಲ್ಲಿ ತಲೆಹಾಕಲಿಲ್ಲ. ಅವರು ಒಂದು ಮೂಲೆಯಲ್ಲಿ ಯಾರದೋ ಚಕ್ರವನ್ನು ತಲೆಕೆಳಗೆ ಮಾಡಿದ ಸೈಕಲ್ಲಿನಲ್ಲಿ ತಿರುಗಿಸುತ್ತ ಬೆಂಡು ತೆಗೆಯುತ್ತಿದ್ದರು. ಹಳೆಯ ರೋಡ್‌ಸ್ಟರ್ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40, ಒಟ್ಟು 72 ಕಡ್ಡಿಗಳು. ನಮ್ಮ ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಅರಗಳು ಭಾರವನ್ನು ಕಂಬದಂತೆ ಕೆಳಗಿನಿಂದ ಹೊರುತ್ತವೆ. ಸೈಕಲ್ಲಿನ ಸಣ್ಣ ತಂತಿ ಹಾಗೆ ಹೊರಲಾರದು, ಹೊರಿಸಿದರೆ ಬಾಗಿಹೋಗುತ್ತದೆ. ಅದರ ಬಲವಿರುವುದು ಎಳೆತದಲ್ಲಿ. ಆದುದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದು ನಿಲ್ಲಿಸಿರುತ್ತಾರೆ; ಭಾರ ಬಿದ್ದಾಗ ಕೆಳಗಿನ ಕಡ್ಡಿಗಳ ಬಿಗಿ ಒಂದಿಷ್ಟು ತಗ್ಗುವುದೇ ಹೊರತು ಚಕ್ರದ ಆಕಾರ ಕೆಡುವುದಿಲ್ಲ. ಈ ಉಪಾಯದಿಂದಲೇ ಇಪ್ಪತ್ತು ಕಿಲೋ ಆಸುಪಾಸಿನ ಬಂಡಿಯೊಂದು ಗಂಡ, ಹೆಂಡತಿ, ಮಗು ಮತ್ತು ಒಂದು ಅಕ್ಕಿಯ ಚೀಲವನ್ನು ಹೊತ್ತು ನಡೆಯುವುದು.

ಬಿಗಿ ಸಮನಾಗಿದೆಯೆ ಎಂದು ಮೇಸ್ತ್ರಿ ಅಳೆಯುವುದು ಕಿವಿಯಿಂದ. ಬೆರಳಿನಿಂದ ಒಂದೊಂದು ಕಡ್ಡಿಯನ್ನೂ ಮೀಟುತ್ತಾರೆ; ಸ್ವರ ತಗ್ಗಿದ ಕಡೆ ಕೀಲಿಯನ್ನು ಕಾಲು ಸುತ್ತು ತಿರುಗಿಸುತ್ತಾರೆ. ಶ್ರುತಿ ಸೇರಿದ ಮೇಲೆ ಚಕ್ರ ನೇರ. ‘ಈಗ ಈ ಕೆಲಸ ಕಲಿಯೋಕೆ ಯಾರು ಬರ್ತಾರೆ ಸ್ವಾಮಿ? ನನ್ನ ಮಗ ಮೋಟಾರ್‌ಬೈಕ್ ಷಾಪಿನಲ್ಲಿದ್ದಾನೆ’ ಎಂದರು. ಹಿಂದೆ ವರ್ಷಕ್ಕೊಮ್ಮೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ ಮತ್ತೆ ಕಟ್ಟುವ ‘ಓವರ್‌ಹಾಲ್’ ಎಂಬ ಕರ್ಮ ನಡೆಯುತ್ತಿತ್ತು. ಎಣ್ಣೆಯ ಕೆಲಸವಾದ್ದರಿಂದ ಜನರ ಬಾಯಲ್ಲಿ ಅದು ‘ಓವರಾಯಿಲ್’ ಆಗಿತ್ತು. ಅರ್ಥ ಕೆಡದ ಅಪಭ್ರಂಶ! ಬಿಡಿಭಾಗಗಳ ಕಷ್ಟವೂ ಉಂಟು. ಕಾಟರ್ ಪಿನ್ನು, ವಾಲ್ ಟ್ಯೂಬು ಇಂದಿಗೂ ಸಿಗುತ್ತವೆ. ಹಳೆಯ ಹಂಬರಿನ ಫೋರ್ಕು ಮುರಿದರೆ ಇನ್ನೊಂದು ಸತ್ತ ಹಂಬರನ್ನೇ ಹುಡುಕಬೇಕು.

ಪ್ರದರ್ಶನದ ಒಂದು ಮೇಜಿನ ಮೇಲೆ ಸಣ್ಣಪುಟ್ಟ ಸಾಮಾನುಗಳನ್ನು ಇಟ್ಟಿದ್ದರು. ಎಣ್ಣೆಯ ದೀಪ, ಕಾರ್ಬೈಡ್ ದೀಪ, ಡೈನಮೋ, ಲೋಹದ ಲೈಸೆನ್ಸ್ ಬಿಲ್ಲೆಗಳು. ಕಾರ್ಬೈಡ್ ದೀಪದ ಒಳಗೆ ಕಲ್ಲಿನಂಥ ಪದಾರ್ಥದ ಮೇಲೆ ನೀರು ತೊಟ್ಟು ತೊಟ್ಟಾಗಿ ಬಿದ್ದು ಅಸಿಟಿಲೀನ್ ಅನಿಲ ಹುಟ್ಟಿ ಉರಿಯುತ್ತಿತ್ತು. ಬೆಳಕು ಪ್ರಖರ, ವಾಸನೆ ಅದಕ್ಕಿಂತ ಪ್ರಖರ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತಾದರೂ ಸೈಕಲ್ಲಿಗೆ ದೀಪದ ಕಟ್ಟಳೆ ತಪ್ಪಲಿಲ್ಲ. ದೀಪವಿಲ್ಲದೆ ಹೋಗುವುದು ಒಂದು ಅಪರಾಧ, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವ ‘ಡಬಲ್ ರೈಡು’ ಇನ್ನೊಂದು. ಪೋಲೀಸಿನವನು ದೂರದಲ್ಲಿ ಕಂಡೊಡನೆ ಹಿಂದೆ ಕುಳಿತವನು ಧುಮುಕಿ ಏನೂ ಅರಿಯದವನಂತೆ ನಡೆಯತೊಡಗುವುದೂ, ತಿರುವು ದಾಟಿದ ಮೇಲೆ ಓಡಿ ಬಂದು ಮತ್ತೆ ಏರುವುದೂ ಒಂದು ತಲೆಮಾರಿನ ಯುವಕರಿಗೆಲ್ಲ ಕರತಲಾಮಲಕವಾಗಿತ್ತು. ತೆರಿಗೆ ಕಟ್ಟಿದ ಗುರುತಿಗೆ ಬಿಲ್ಲೆಯನ್ನು ಬೇರೆ ತಗುಲಿಸಬೇಕಾಗಿತ್ತು. ಇಂದು ಸೈಕಲ್ಲಿಗೆ ತೆರಿಗೆ ಕೇಳುವವರಿಲ್ಲ. ರಸ್ತೆಯಲ್ಲಿ ಜಾಗ ಕೊಡುವವರೂ ಇಲ್ಲ.

ಜಾಗದ ಮಾತು ಬಂದಾಗ ಕೆಂಗೇರಿಯವರಿಗೆ ಹೇಳಲು ಬಹಳ ಇತ್ತು. ಭಾನುವಾರ ಬೆಳಗಿನ ಜಾವ ಮೈಸೂರು ರಸ್ತೆಯಲ್ಲಿ ಸೈಕಲ್ ತುಳಿದು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಹಿಂದಿರುಗುವುದು ಬೆಂಗಳೂರಿನ ಸೈಕಲ್ ಮಿತ್ರರ ಒಂದು ವ್ರತ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ತೆರೆಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದ ಮೇಲೆ ದ್ವಿಚಕ್ರ ಮೋಟಾರು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ನಿಷೇಧವಾಯಿತು. ಅಲ್ಲಿಯ ವೇಗವನ್ನು ನೋಡಿದರೆ ಅದು ತಪ್ಪೆನ್ನಲಾರೆ. ಆದರೆ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಬಸ್ಸು, ಎತ್ತಿನ ಗಾಡಿ, ಎದುರಿನಿಂದ ನುಗ್ಗುವ ಮೋಟಾರ್‌ಬೈಕುಗಳ ನಡುವೆ ದಾರಿ ಹುಡುಕುವುದು ಆ ಬಡಪಾಯಿಯ ಪಾಡಾಯಿತು. ನಗರದ ಒಳಗೆ ಮೆಟ್ರೋ ರೈಲು 2014ರಲ್ಲಿ ರಾಜಾಜಿನಗರಕ್ಕೂ, 2015ರಲ್ಲಿ ವಿಜಯನಗರಕ್ಕೂ, 2021ರಲ್ಲಿ ಕೆಂಗೇರಿಗೂ ಬಂದಿದೆ. ಮೇಲೆ ರೈಲು ತಣ್ಣಗೆ ಓಡುತ್ತದೆ. ಕೆಳಗೆ ಕಂಬಗಳ ಪಕ್ಕದಲ್ಲಿ ಸೈಕಲ್ಲಿನವನು ಎಡಕ್ಕೂ ಬಲಕ್ಕೂ ನೋಡಿಕೊಂಡು ಜೀವವನ್ನು ಕೈಯಲ್ಲಿ ಹಿಡಿದಿದ್ದಾನೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ಲಿನ ಯೋಜನೆ ಆರಂಭವಾದಾಗ ನಮ್ಮವರು ಅಸೂಯೆಪಟ್ಟದ್ದು ಸಹಜವೇ.

ಸೈಕಲ್ಲು ಬಡವನ ಕೈಕಾಲೆಂಬುದನ್ನು 1948ರ ‘ಬೈಸಿಕಲ್ ಥೀವ್ಸ್’ ಎಂಬ ಇಟಲಿಯ ಚಿತ್ರಕ್ಕಿಂತ ಚೆನ್ನಾಗಿ ಯಾರೂ ತೋರಿಸಲಿಲ್ಲ. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗಬೇಕಾದರೆ ಅದರ ನಾಯಕನಿಗೆ ಸೈಕಲ್ ಇರಲೇಬೇಕು. ಮೊದಲ ದಿನವೇ ಅದು ಕಳುವಾಗುತ್ತದೆ. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚತೊಡಗಿದಾಗ, ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ದೂರದ ಹೈಸ್ಕೂಲಿಗೆ ತುಳಿದುಕೊಂಡು ಹೋಗುವ ನೋಟ ರಸ್ತೆಗಳ ಅಂಚಿನಲ್ಲಿ ಕಾಣತೊಡಗಿತು. ಪ್ರದರ್ಶನದಲ್ಲಿ ಬಾರಿಲ್ಲದ ಒಂದು ‘ಲೇಡೀಸ್ ಸೈಕಲ್’ ಇತ್ತು. ಸೀರೆಯ ಸೆರಗು ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಬಲೆ ಕಟ್ಟಿದ್ದರು. ಅದನ್ನು ತುಳಿದ ಮಹಿಳೆ ಎಂಥ ಕಣ್ಣುಗಳನ್ನು, ಎಂಥ ಕುಹಕಗಳನ್ನು ದಾಟಿಕೊಂಡು ಹೋಗಿರಬೇಕೆಂದು ಯಾವ ಫಲಕದಲ್ಲಿಯೂ ಬರೆದಿರಲಿಲ್ಲ.

ಇಂಥ ವಸ್ತುಗಳಿಗೆ ಒಂದು ಸ್ಥಿರವಾದ ಮನೆ ಬೇಡವೆ ಎಂದು ಹಲವರು ಕೇಳುತ್ತಿದ್ದರು. ಪುಣೆಯ ಕರ್ವೆನಗರದಲ್ಲಿ ವಿಕ್ರಮ್ ಪೆಂಡ್ಸೆಯವರು ತಮ್ಮ ಸಂಗ್ರಹಕ್ಕಾಗಿಯೇ ಒಂದು ಸೈಕಲ್ ಸಂಗ್ರಹಾಲಯವನ್ನು ಕಟ್ಟಿದ್ದಾರೆ. ಇಲ್ಲಿಯ ಗೆಳೆಯರ ಸಂಗ್ರಹ ಸದ್ಯಕ್ಕೆ ಬಾಡಿಗೆ ಮನೆಗಳ ತಾರಸಿಗಳಲ್ಲಿಯೇ ಇದೆ. ಮಳೆಗಾಲದಲ್ಲಿ ಅವುಗಳಿಗೆ ಹೊದಿಸುವ ಟಾರ್ಪಾಲಿನ ಬಗ್ಗೆ ಮನೆಯ ಮಾಲೀಕರೊಡನೆ ನಡೆಯುವ ಸಂಧಾನಗಳನ್ನು ಬರೆದರೆ ಅದೇ ಒಂದು ಧಾರಾವಾಹಿಯಾದೀತು.

ನಿಮ್ಮ ಮನೆಯ ಮೆಟ್ಟಿಲಿನ ಕೆಳಗೂ ಇಂಥದೊಂದು ಇರಬಹುದು. ಇದ್ದರೆ, ತುಕ್ಕೆಂದು ತಿಳಿದು ಉಪ್ಪು ಕಾಗದ ಹಾಕಿ ಉಜ್ಜಬೇಡಿ ಎಂಬುದು ಮೇಸ್ತ್ರಿಯ ಮೊದಲ ಎಚ್ಚರಿಕೆ. ಮೆದು ಬಟ್ಟೆಗೆ ಸ್ವಲ್ಪ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಒರೆಸುತ್ತ ಬಂದರೆ ಮುದ್ರೆಯೂ ಗೆರೆಯೂ ತಾವಾಗಿ ಕಾಣಿಸಿಕೊಳ್ಳುತ್ತವೆ. ಹಲ್ಲುಚಕ್ರದಲ್ಲಿ ಹಕ್ಕಿಯಿದೆಯೋ ಅಂಗೈಯಿದೆಯೋ ನೋಡಿ. ಸೀಟಿನ ಕೆಳಗಿನ ಕೊಳವೆಯ ಬಳಿಯೋ ಪೆಡಲ್ಲಿನ ಗುಂಬದ ಅಡಿಯಲ್ಲೋ ಒಂದು ನಂಬರು ಕೊರೆದಿರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಮೂರು ಗೇರಿನದಾಗಿದ್ದರೆ ಹಿಂದಿನ ಚಕ್ರದ ಗುಂಬದ ಮೇಲೆ ಎರಡು ಅಂಕಿಗಳನ್ನು ಹುಡುಕಿ. ಚರ್ಮದ ಸೀಟು ಒಣಗಿ ಬಿರಿದಿದ್ದರೆ ಅದರ ಮೇಲೆ ತಟ್ಟನೆ ಕುಳಿತುಬಿಡಬೇಡಿ, ಹರಿದೀತು. ಟಯರು ಹೋಗಿದ್ದರೆ ಚಿಂತೆಯಿಲ್ಲ; 28 ಅಂಗುಲದ, ಒಂದೂವರೆ ಅಂಗುಲ ದಪ್ಪದ ಟಯರು ಇಂದಿಗೂ ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ.